ಗಾಜಿನ ಬಿರಡೆ, ಅದರ ಕೆಳಗಿನ ಉಂಗುರ: 28 ಬಾಟಲಿಗಳ ಕೆಲಸದ ದಾಖಲೆ

ಅಡುಗೆಮನೆಯ ಮೇಜಿನ ಮೇಲೆ ಹನ್ನೊಂದು ಖಾಲಿ ಬಾಟಲಿ, ಪಕ್ಕದಲ್ಲಿ ಹನ್ನೊಂದು ಗಾಜಿನ ಬಿರಡೆ. ಎರಡು ವರ್ಷದಿಂದ ಒಂದೊಂದಾಗಿ ಕೂಡಿಟ್ಟಿದ್ದೆ. ನಾವಿರುವುದು ಜರ್ಮನಿಯ ಮೈನ್ಸ್ ಪಟ್ಟಣದ ಹತ್ತಿರ. ಇಲ್ಲಿ ಎತ್ತ ನೋಡಿದರೂ ದ್ರಾಕ್ಷಿ ತೋಟ. ಕಾರ್ಕ್ ಬದಲು ಗಾಜಿನ ಬಿರಡೆ ಹಾಕಿದ ವೈನ್ ಅಪರೂಪವೇನಲ್ಲ. ಊಟ ಮುಗಿದ ಮೇಲೆ ಗೆಳೆಯರು ಖಾಲಿ ಬಾಟಲಿಯನ್ನು ನನಗೆ ಅಂತಲೇ ತೆಗೆದಿಡುತ್ತಿದ್ದರು.

ಆ ಬಿರಡೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಗೋಲಿ ಸೋಡಾ. ನಮ್ಮ ಸೋದರಮಾವ ಸಂತೆಯಲ್ಲಿ ಸೋಡಾ ಅಂಗಡಿ ಇಟ್ಟಿದ್ದರು. ರಜೆಯಲ್ಲಿ ಬಾಟಲಿ ತೊಳೆಯುವ ಕೆಲಸ ನಮ್ಮದು. ಗೋಲಿ ಗಾಜಿನದು, ಬಾಟಲಿಯೂ ಗಾಜಿನದು. ಆದರೆ ಸೋಡಾ ಹಿಡಿದಿಡುತ್ತಿದ್ದದ್ದು ಬಾಯಿಯ ಒಳಗಿನ ಕಪ್ಪು ರಬ್ಬರ್ ವಾಷರ್. ಗ್ಯಾಸು ಗೋಲಿಯನ್ನು ಮೇಲಕ್ಕೆ ಒತ್ತುತ್ತದೆ, ಗೋಲಿ ಹೋಗಿ ವಾಷರ್‌ಗೆ ಅಂಟಿ ಕೂರುತ್ತದೆ. ಸೋಡಾ ಸಪ್ಪೆಯಾದರೆ ಮಾವ ಬಾಟಲಿಯನ್ನು ಬೈಯುತ್ತಿರಲಿಲ್ಲ. 'ವಾಷರ್ ಸತ್ತಿದೆ, ಬದಲಾಯಿಸು' ಅನ್ನುತ್ತಿದ್ದರು. ಆ ಬಾಟಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದದ್ದು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ.

ವೈನಿನ ಗಾಜಿನ ಬಿರಡೆಯೂ ಅದೇ ತತ್ವ. ಮೇಲೆ ಅಗಲವಾದ ಗಾಜಿನ ತಲೆ. ಕೆಳಗೆ ಬಾಟಲಿಯ ಕತ್ತಿನೊಳಗೆ ಒಂದು ಸೆಂಟಿಮೀಟರಿನಷ್ಟು ಇಳಿಯುವ ಗಾಜಿನ ಕಾಲು. ಎರಡೂ ಸೇರುವ ಜಾಗದಲ್ಲಿ ಒಂದು ತೆಳು ಪಾರದರ್ಶಕ ಉಂಗುರ. ಸುಮ್ನೆ ನೋಡಿದರೆ ಅದು ಕಾಣುವುದೂ ಇಲ್ಲ. ಆದರೆ ಗಾಜಿಗೂ ಗಾಜಿಗೂ ಮಧ್ಯೆ ಕೂತು ಮುಚ್ಚುವ ಕೆಲಸ ಪೂರ್ತಿ ಅದರದ್ದು. ಈ ಬಿರಡೆಯನ್ನು 2000ರ ದಶಕದ ಮೊದಲ ಭಾಗದಲ್ಲಿ ಆಲ್ಕೋವಾ ಕಂಪನಿಯ ಜರ್ಮನ್ ವಿಭಾಗ ಮಾರುಕಟ್ಟೆಗೆ ತಂದಿತು. ನಮ್ಮ ಮನೆಯಿಂದ ನದಿ ದಾಟಿದರೆ ಸಿಗುವ ರೈನ್‌ಗೌ ಪ್ರದೇಶದ ಶ್ಲೋಸ್ ಫೋಲ್‌ರಾಡ್ಸ್ ಎಂಬ ಹಳೆಯ ತೋಟ ಇದನ್ನು ಮೊದಮೊದಲು ಬಳಸಿದವುಗಳಲ್ಲಿ ಒಂದು. ಈಗ ಚೆಕ್ ದೇಶದ ಪ್ರೆಸಿಯೋಸಾ ಗಾಜಿನ ಕಂಪನಿ ವಿನೋಲಾಕ್ ಎಂಬ ಹೆಸರಿನಲ್ಲಿ ಮಾಡುತ್ತದೆ.

ನನ್ನ ಯೋಚನೆ ಸರಳವಾಗಿತ್ತು. ಅಕ್ಟೋಬರಿನಲ್ಲಿ ಪಕ್ಕದ ತೋಟದವರಿಂದ 25 ಲೀಟರ್ ರೀಸ್ಲಿಂಗ್ ದ್ರಾಕ್ಷಿ ರಸ ತಂದು ಮನೆ ಬಳಕೆಗೆ ವೈನ್ ಹಾಕಿದ್ದೆ. ಹುದುಗುವುದು, ತಿಳಿಯಾಗುವುದು ಎಲ್ಲ ಸರಿಯಾಗಿ ನಡೆಯಿತು, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಏಪ್ರಿಲ್‌ಗೆ ಸುಮಾರು 21 ಲೀಟರ್ ಉಳಿದಿತ್ತು. ಅಂದರೆ 28 ಬಾಟಲಿ. ಒಂದೇ ವೈನನ್ನು ನಾಲ್ಕು ಬಗೆಯ ಮುಚ್ಚಳ ಹಾಕಿ ಇಟ್ಟರೆ ಯಾವುದು ಹೇಗೆ ಅಂತ ಕಣ್ಣಾರೆ ನೋಡಬಹುದಲ್ವಾ? ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆ 1999ರ ಸೆಮಿಯೋನ್ ವೈನನ್ನು 14 ಬಗೆಯ ಮುಚ್ಚಳಗಳಲ್ಲಿ ತುಂಬಿ ಪರೀಕ್ಷೆ ಮಾಡಿತ್ತು. ಅದನ್ನು ಓದಿದ ದಿನದಿಂದ ನನ್ನ ತಲೆಯಲ್ಲಿ ಈ ಆಸೆ ಇತ್ತು.

ಮೊದಲ ಕೆಲಸ: ಬೀಟ್ರೂಟ್ ನೀರಿನ ಪರೀಕ್ಷೆ

ಬಳಸಿದ ಬಿರಡೆ ಮತ್ತೆ ಮುಚ್ಚುತ್ತದೋ ಇಲ್ಲವೋ ಗೊತ್ತಾಗದೆ ಒಳ್ಳೆ ವೈನ್ ತುಂಬಬಾರದು. ಬೀಟ್ರೂಟ್ ತುರಿದು ನೀರಲ್ಲಿ ಕುದಿಸಿ ಸೋಸಿಕೊಂಡೆ. ಬಾಟಲಿಗೆ ಆ ಕೆಂಪು ನೀರು ತುಂಬಿ, ಬಿರಡೆ ಒತ್ತಿ, ತಲೆಕೆಳಗಾಗಿ ಬಿಳಿ ಕಾಗದದ ಮೇಲೆ ನಿಲ್ಲಿಸಿದೆ. ಆಸರೆಗೆ ಹಳೆ ಹಾಲಿನ ಕ್ರೇಟು. 24 ಗಂಟೆ ಮುಟ್ಟಲಿಲ್ಲ.

ಮರುದಿನ ಏಳು ಕಾಗದ ಬಿಳಿಯಾಗಿಯೇ ಇದ್ದವು. ನಾಲ್ಕರಲ್ಲಿ ಕೆಂಪು ಕಲೆ.

ನಾಲ್ಕನ್ನೂ ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಒಂದರ ಬಾಯಿಯ ಒಳ ಅಂಚಿನಲ್ಲಿ ಅಕ್ಕಿ ನುಚ್ಚಿನಷ್ಟು ಚಿಪ್ಪು ಎದ್ದಿತ್ತು. ಇನ್ನೊಂದು ನನಗೆ ಪಾಠ ಕಲಿಸಿದ ಬಾಟಲಿ. ಅದು ಗಾಜಿನ ಬಿರಡೆಯ ಬಾಟಲಿಯೇ ಅಲ್ಲ, ಮಾಮೂಲಿ ಕಾರ್ಕ್ ಬಾಟಲಿ. ಕೂಡಿಡುವಾಗ ಎಲ್ಲೋ ಅದಲು ಬದಲಾಗಿತ್ತು. ಹೊರಗಿನಿಂದ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಿರಡೆ ಒಳಗೆ ಇಳಿಯುತ್ತದೆ, ಕೂತಂತೆಯೂ ಅನಿಸುತ್ತದೆ. ಆದರೆ ಬೆರಳಿನ ತುದಿಯನ್ನು ಬಾಯಿಯ ಒಳ ಅಂಚಿನ ಸುತ್ತ ಆಡಿಸಿದರೆ ಗೊತ್ತಾಗುತ್ತದೆ. ಗಾಜಿನ ಬಿರಡೆಗೆಂದೇ ಮಾಡಿದ ಬಾಟಲಿಯಲ್ಲಿ ಆ ಅಂಚು ಅಳತೆ ಹಿಡಿದು ಇಳಿಜಾರಾಗಿ, ನುಣ್ಣಗೆ ಇರುತ್ತದೆ. ಉಂಗುರ ಕೂರುವುದು ಆ ಇಳಿಜಾರಿನ ಮೇಲೆ. ಕಾರ್ಕ್ ಬಾಟಲಿಗೆ ಆ ಇಳಿಜಾರು ಬೇಕಿಲ್ಲ. 24 ಮಿಲಿಮೀಟರ್ ದಪ್ಪದ ಕಾರ್ಕನ್ನು 18.5 ಮಿಲಿಮೀಟರಿನ ಕತ್ತಿಗೆ ಅದುಮಿ ಇಳಿಸುತ್ತಾರೆ. ಕತ್ತಿನ ಗೋಡೆಯಲ್ಲಿ ಸಣ್ಣ ಏರುಪೇರಿದ್ದರೂ ಕಾರ್ಕ್ ಉಬ್ಬಿ ಸರಿಮಾಡಿಕೊಳ್ಳುತ್ತದೆ. ಗಾಜಿಗೆ ಆ ಉದಾರತೆ ಇಲ್ಲ. ಬಾಟಲಿಯ ಬಾಯಿ ಮತ್ತು ಬಿರಡೆ ಒಂದೇ ಜೋಡಿಯಾಗಿ ಹುಟ್ಟಿರಬೇಕು. ಗಾಜಿನ ಬಿರಡೆ ಬೇಕೆಂದ ತೋಟದವರು ಬಾಟಲಿಯನ್ನೂ ಅದಕ್ಕೆ ತಕ್ಕದ್ದೇ ತರಿಸಬೇಕು. ಎಲ್ಲರೂ ಯಾಕೆ ಇದಕ್ಕೆ ಬದಲಾಗಲಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಚಿಪ್ಪು ಎದ್ದ ಬಾಟಲಿಯನ್ನು ಉಳಿಸಲು ನೋಡಿದೆ. 600 ನಂಬರಿನ ಸಿಲಿಕಾನ್ ಕಾರ್ಬೈಡ್ ಪುಡಿಗೆ ನೀರು ಬೆರೆಸಿ, ಹಿತ್ತಾಳೆಯ ಶಂಕುವೊಂದಕ್ಕೆ ಸವರಿ, ಅಂಚನ್ನು ಅರ್ಧ ಗಂಟೆ ತಿರುಗಿಸಿ ತಿರುಗಿಸಿ ತಿಕ್ಕಿದೆ. ಚಿಪ್ಪು ಹೋಯಿತು. ಆದರೆ ಅಂಚು ಮಂಜು ಹಿಡಿದ ಗಾಜಿನಂತಾಯಿತು. ಮತ್ತೆ ಬೀಟ್ರೂಟ್ ನೀರು, ಮತ್ತೆ ಕಾಗದ. ಈ ಸಲ ಕಲೆ ಮೊದಲಿಗಿಂತ ಅಗಲವಾಗಿತ್ತು. ಕಾರ್ಖಾನೆಯಲ್ಲಿ ಬೆಂಕಿಯ ಶಾಖಕ್ಕೆ ನುಣುಪಾದ ಗಾಜಿನ ಮೇಲ್ಮೈ ಒಂದು ಸಲ ಹೋದರೆ, ತೆಳು ಉಂಗುರಕ್ಕೆ ಆ ಗೀರುಗಳನ್ನೆಲ್ಲ ತುಂಬಲು ಆಗುವುದಿಲ್ಲ. ಪ್ರಯೋಗಶಾಲೆಯ ಬಾಟಲಿಗಳಲ್ಲಿ ಉಜ್ಜಿದ ಗಾಜಿಗೆ ಉಜ್ಜಿದ ಗಾಜು ಕೂರುತ್ತದೆ, ನಿಜ. ಅಲ್ಲಿ ಎರಡೂ ಕಡೆ ಒಂದೇ ಇಳಿಜಾರಿನ ಉದ್ದನೆಯ ಶಂಕು ಇರುತ್ತದೆ, ಮೇಲೆ ಗ್ರೀಸ್ ಹಚ್ಚುತ್ತಾರೆ. ವೈನಿಗೆ ಅದು ಆಗುವ ಮಾತಲ್ಲ. ಬಾಯಿ ಚಿಪ್ಪೆದ್ದ ಬಾಟಲಿಯನ್ನು ರಿಪೇರಿ ಮಾಡಲು ಹೋಗಬೇಡಿ, ಮರುಬಳಕೆ ಡಬ್ಬಕ್ಕೆ ಹಾಕಿ. ಗಾಜು ತಿಕ್ಕುವ ಕೆಲಸ ಏನೇ ಇದ್ದರೂ ನೀರು ಹಾಕಿಯೇ ತಿಕ್ಕಿ. ಒಣ ಪುಡಿ ಉಸಿರಿಗೆ ಹೋಗಬಾರದು.

ಉಳಿದ ಎರಡರಲ್ಲಿ ಬಾಯಿ ಚೆನ್ನಾಗಿಯೇ ಇತ್ತು. ಉಂಗುರ ಚಪ್ಪಟೆಯಾಗಿತ್ತು. ಮಾವ ಇದ್ದಿದ್ದರೆ ನೋಡಿದ ಕೂಡಲೆ ಹೇಳುತ್ತಿದ್ದರು.

ಉಂಗುರ ಬದಲಿಸಿದ್ದು

ಬಿರಡೆಯ ಉಂಗುರ ಬಿಡಿಯಾಗಿ ನನಗೆ ಸಿಗಲಿಲ್ಲ. ಓ-ರಿಂಗ್ ಹಾಕಿ ನೋಡೋಣ ಅನಿಸಿತು. ಹಳೆಯ ಉಂಗುರವನ್ನು ಬಿದಿರು ಕಡ್ಡಿಯಿಂದ ಎಬ್ಬಿಸಿ ತೆಗೆದೆ. ಚಾಕು, ಸ್ಕ್ರೂಡ್ರೈವರ್ ಬೇಡ. ಜಾರಿದರೆ ಗಾಜು ಚಿಪ್ಪೇಳುತ್ತದೆ, ಕೈಗೂ ಪೆಟ್ಟು. ಒಂದು ಅಂಗಡಿಯಿಂದ ಮೂರು ಅಳತೆಯ ಓ-ರಿಂಗ್ ತರಿಸಿದೆ. ಆಹಾರಕ್ಕೆ ಬಳಸಬಹುದಾದ ಪಾರದರ್ಶಕ ಸಿಲಿಕೋನ್. ಬೆಚ್ಚಗಿನ ನೀರಲ್ಲಿ ಐದು ನಿಮಿಷ ಇಟ್ಟು, ಎಣ್ಣೆ ಗಿಣ್ಣೆ ಹಚ್ಚದೆ, ಒದ್ದೆ ಕೈಯಲ್ಲಿ ಬಿರಡೆಯ ಕಾಲಿನಿಂದ ಮೇಲಕ್ಕೆ ಉರುಳಿಸಿದೆ. ಉರುಳಿಸುವಾಗ ಉಂಗುರ ತಿರುಚಿಕೊಳ್ಳುತ್ತದೆ. ಅಚ್ಚಿನ ಗೆರೆ ಸುತ್ತಲೂ ಒಂದೇ ನೇರಕ್ಕೆ ಇದೆಯಾ ನೋಡಿ ಸರಿಮಾಡಬೇಕು. ತೀರಾ ದಪ್ಪನೆಯದು ಬಿರಡೆಯನ್ನು ಎತ್ತಿ ಹಿಡಿಯಿತು, ತೀರಾ ತೆಳುವಾದದ್ದು ಸಡಿಲವಾಯಿತು, ನಡುವಿನದು ಕೂತಿತು. ಬೀಟ್ರೂಟ್ ಪರೀಕ್ಷೆಯಲ್ಲಿ ಎರಡೂ ಪಾಸು. ಕಾಗದ ಬೆಳ್ಳಗಿತ್ತು.

ಹಾಗೆ ಒಂಬತ್ತು ಗಾಜಿನ ಜೋಡಿ ಸಿದ್ಧವಾಯಿತು. ಏಳಕ್ಕೆ ಮೂಲ ಉಂಗುರ, ಎರಡಕ್ಕೆ ಸಿಲಿಕೋನ್. ಈ ಎರಡನ್ನು ಗುರುತಿಸಲು ಕತ್ತಿಗೆ ಕೆಂಪು ದಾರ ಕಟ್ಟಿದೆ. ಆ ದಾರ ಮುಂದೆ ಬಹಳ ಉಪಯೋಗಕ್ಕೆ ಬಂತು.

ತುಂಬಿದ ದಿನ, ಏಪ್ರಿಲ್ 15

ಬಾಟಲಿ, ಬಿರಡೆ ಎಲ್ಲವನ್ನೂ ತೊಳೆದು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ನೀರಲ್ಲಿ ಅದ್ದಿ ಬಸಿದೆ. ವೈನನ್ನು ಗಾಳಿಯಿಂದ ಕಾಪಾಡುವ ಮುಕ್ತ ಸಲ್ಫರ್ ಡೈಆಕ್ಸೈಡ್ ಲೀಟರಿಗೆ 40 ಮಿಲಿಗ್ರಾಂ ಬರುವಂತೆ ಸರಿಮಾಡಿಕೊಂಡೆ. ಅದನ್ನು ಅಳೆಯುವ ಅಯೋಡಿನ್ ಮತ್ತು ಪಿಷ್ಟದ ಟೈಟ್ರೇಷನ್ ಕಿಟ್ ಮನೆಯಲ್ಲೇ ಇದೆ. ಈ ಸಂಖ್ಯೆಯೇ ನನ್ನ ಅಳತೆಗೋಲು. ಬಾಟಲಿಗೆ ಆಮ್ಲಜನಕ ಬಂದಷ್ಟೂ ಇದು ಇಳಿಯುತ್ತದೆ. ಎಷ್ಟು ಉಳಿದಿದೆ ಅಂತ ನೋಡಿದರೆ ಮುಚ್ಚಳ ಎಷ್ಟು ಗಾಳಿ ತಡೆದಿದೆ ಅಂತ ಅಂದಾಜು ಸಿಗುತ್ತದೆ.

ಗಾಜಿನ ಬಾಟಲಿ ಒಂಬತ್ತು. ಕಾರ್ಕ್ ಏಳು. ತಂತಿ ಲಿವರ್ ಇರುವ ಸ್ವಿಂಗ್ ಟಾಪ್ ಆರು. ಲೋಹದ ಕ್ರೌನ್ ಮುಚ್ಚಳ ಆರು. ಸ್ಕ್ರೂ ಮುಚ್ಚಳ ಈ ಪಟ್ಟಿಯಲ್ಲಿ ಇಲ್ಲ. ಬೇಡವೆಂದಲ್ಲ, ಮನೆಯಲ್ಲಿ ಆಗುವುದಿಲ್ಲ. ವೈನಿನ ಸ್ಕ್ರೂ ಮುಚ್ಚಳ ಬರುವಾಗ ಅದರಲ್ಲಿ ಮರೆಯೇ (ತಿರುಪಿನ ಗೆರೆ) ಇರುವುದಿಲ್ಲ, ಬರೀ ನುಣ್ಣನೆಯ ಅಲ್ಯೂಮಿನಿಯಂ ಕೊಳವೆ. ಯಂತ್ರ ಮೇಲಿನಿಂದ ಬಲವಾಗಿ ಒತ್ತಿ ಹಿಡಿದು, ಸುತ್ತ ಉರುಳೆ ಓಡಿಸಿ, ಬಾಟಲಿಯ ಮರೆಯನ್ನೇ ಅಚ್ಚು ಮಾಡಿಕೊಂಡು ಮುಚ್ಚಳಕ್ಕೆ ಮರೆ ಮೂಡಿಸುತ್ತದೆ. ಆ ಒತ್ತಡದಲ್ಲೇ ಒಳಗಿನ ಪದರ ಬಾಯಿಗೆ ಅಂಟಿ ಕೂರುವುದು. ಒಮ್ಮೆ ತಿರುಗಿಸಿ ತೆಗೆದರೆ ಆ ಒತ್ತಡ ಮತ್ತೆ ಬರುವುದಿಲ್ಲ. ಹಳೆ ಮುಚ್ಚಳ ನಾಲ್ಕು ದಿನಕ್ಕೆ ಸಾಕು, ವರ್ಷಕ್ಕೆ ಸಾಲದು. ಈ ಮುಚ್ಚಳ ಹುಟ್ಟಿದ್ದು 1960ರ ದಶಕದ ಕೊನೆಯಲ್ಲಿ, ಆಸ್ಟ್ರೇಲಿಯಾದ ಯಲುಂಬಾ ತೋಟದವರು ಕೇಳಿದ್ದಕ್ಕೆ ಫ್ರೆಂಚ್ ಕಂಪನಿಯೊಂದು ಮಾಡಿಕೊಟ್ಟದ್ದು. 2000ದಲ್ಲಿ ಅಲ್ಲಿನ ಕ್ಲೇರ್ ಕಣಿವೆಯ ರೀಸ್ಲಿಂಗ್ ಬೆಳೆಗಾರರು ಒಟ್ಟಾಗಿ ಅದಕ್ಕೆ ಬದಲಾದ ಮೇಲೆ ಅದರ ಮರ್ಯಾದೆ ಹೆಚ್ಚಿತು.

ಕಾರ್ಕ್ ಹಾಕುವುದು ಸುಲಭ. ಎರಡು ಕೈಯ ಲಿವರ್ ಕಾರ್ಕರ್ ಇದೆ. ಹಿತ್ತಾಳೆಯ ದವಡೆ ಕಾರ್ಕನ್ನು 16 ಮಿಲಿಮೀಟರಿನಷ್ಟಕ್ಕೆ ಅದುಮುತ್ತದೆ, ಸರಳು ಒಳಗೆ ತಳ್ಳುತ್ತದೆ. ಆಮೇಲೆ ಒಂದು ದಿನ ನಿಲ್ಲಿಸಿಟ್ಟು, ನಂತರ ಮಲಗಿಸಿದರೆ ಆಯಿತು. ಸ್ವಿಂಗ್ ಟಾಪ್‌ಗೆ ಹೊಸ ರಬ್ಬರ್ ಉಂಗುರ ಹಾಕಿದೆ. ಕ್ರೌನ್ ಮುಚ್ಚಳ ಮಾಮೂಲಿ ವೈನ್ ಬಾಟಲಿಯ ಬಾಯಿಗೆ ಕೂರುವುದಿಲ್ಲ. ಅದಕ್ಕೆ ಸ್ಪಾರ್ಕ್ಲಿಂಗ್ ವೈನಿನ ದಪ್ಪ ಬಾಟಲಿ ಮತ್ತು 29 ಮಿಲಿಮೀಟರಿನ ಮುಚ್ಚಳ ತೆಗೆದುಕೊಂಡೆ. ಬಿಯರ್ ಬಾಟಲಿಯ 26 ಮಿಲಿಮೀಟರಿನದು ಅದಕ್ಕೆ ಚಿಕ್ಕದಾಗುತ್ತದೆ.

ತಲೆ ಕೆಡಿಸಿದ್ದು ಗಾಜಿನ ಬಾಟಲಿಯನ್ನು ಎಲ್ಲಿಯವರೆಗೆ ತುಂಬಬೇಕು ಅನ್ನುವುದು. ಕಾರ್ಕ್ ಬಾಟಲಿಯಲ್ಲಿ ಬಾಯಿಂದ 63 ಮಿಲಿಮೀಟರ್ ಕೆಳಗೆ ವೈನ್ ನಿಂತರೆ, ಅದರಲ್ಲಿ 45 ಮಿಲಿಮೀಟರ್ ಜಾಗವನ್ನು ಕಾರ್ಕೇ ತುಂಬುತ್ತದೆ. ಉಳಿಯುವ ಗಾಳಿ ಐದು ಮಿಲಿಲೀಟರ್ ಆಸುಪಾಸು. ಗಾಜಿನ ಬಿರಡೆ ಒಳಗೆ ಇಳಿಯುವುದು ಒಂದೇ ಸೆಂಟಿಮೀಟರ್. ಅದೇ ಮಟ್ಟಕ್ಕೆ ತುಂಬಿದರೆ 14 ಮಿಲಿಲೀಟರಿನಷ್ಟು ಗಾಳಿ ಒಳಗೆ ಉಳಿಯುತ್ತದೆ. ಅದರಲ್ಲಿ ಸುಮಾರು 4 ಮಿಲಿಗ್ರಾಂ ಆಮ್ಲಜನಕ. ಒಂದು ಮಿಲಿಗ್ರಾಂ ಆಮ್ಲಜನಕ ನಾಲ್ಕು ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡನ್ನು ತಿನ್ನಬಲ್ಲದು. ಲೆಕ್ಕ ಹಾಕಿದರೆ ನಾನು ಸೇರಿಸಿದ 40ರಲ್ಲಿ ಅರ್ಧದಷ್ಟು ಬರೀ ಆ ಗಾಳಿಗೇ ಹೋಗಿಬಿಡಬಹುದು. ಕಾರ್ಖಾನೆಯಲ್ಲಾದರೆ ಆ ಜಾಗಕ್ಕೆ ಸಾರಜನಕ ತುಂಬುತ್ತಾರೆ. ನನ್ನ ಹತ್ತಿರ ಅದಿರಲಿಲ್ಲ. ಹಾಗಾಗಿ ಗಾಜಿನ ಬಾಟಲಿಗಳನ್ನು ಬಾಯಿಂದ 30 ಮಿಲಿಮೀಟರ್‌ವರೆಗೆ ತುಂಬಿದೆ. ಗಾಳಿ ಐದೂವರೆ ಮಿಲಿಲೀಟರಿಗೆ ಇಳಿಯಿತು. ಆಗ ಸಮಾಧಾನ ಅನಿಸಿತ್ತು.

ಎಲ್ಲವನ್ನೂ 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ತೂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿದೆ. ನೆಲಮಾಳಿಗೆಯಲ್ಲಿ 13 ಡಿಗ್ರಿ ಇತ್ತು. ಅಲ್ಲಿ ಇಟ್ಟೆ.

ಜೂನ್: ಬಿರಡೆ ಎದ್ದು ಬಂತು

ಜೂನ್‌ನಲ್ಲಿ ಕನ್ನಡದ ಗೆಳೆಯರೆಲ್ಲ ಸೇರುವ ಒಂದು ಹೊರಾಂಗಣ ಊಟ ಇತ್ತು. ನಾಲ್ಕು ಗಾಜಿನ ಬಾಟಲಿಗಳನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಹೊರಟೆವು. ನಾಲ್ಕೂ ಮೂಲ ಉಂಗುರದವು. ಬಿಸಿಲು ಜೋರಿತ್ತು. ಎರಡು ಗಂಟೆಯ ದಾರಿ. ತಲುಪಿ ಡಿಕ್ಕಿ ತೆಗೆದರೆ ವೈನಿನ ವಾಸನೆ. ಎರಡು ಬಿರಡೆ ಎದ್ದು ಪಕ್ಕಕ್ಕೆ ವಾಲಿದ್ದವು. ಕಂಬಳಿ ಒದ್ದೆ. ಉಳಿದೆರಡು ಬಾಟಲಿ ಚೆನ್ನಾಗಿದ್ದವು, ಎಲ್ಲರಿಗೂ ಒಂದೊಂದು ಗುಟುಕು ಸಿಕ್ಕಿತು. ಆದರೆ ನನಗೆ ಊಟ ರುಚಿಸಲಿಲ್ಲ. ಆರು ತಿಂಗಳು ಕಾದು ಮಾಡಿದ ವೈನ್ ಅದು.

ಮನೆಗೆ ಬಂದು ಲೆಕ್ಕ ಮಾಡಿದೆ. ವೈನ್ ಬಿಸಿಯಾದರೆ ಉಬ್ಬುತ್ತದೆ. ಒಂದು ಬಾಟಲಿ ವೈನ್ ಡಿಗ್ರಿಗೆ ಹೆಚ್ಚು ಕಡಿಮೆ 0.2 ಮಿಲಿಲೀಟರಿನಷ್ಟು ಹಿಗ್ಗುತ್ತದೆ. 13 ಡಿಗ್ರಿಯಿಂದ 33ಕ್ಕೆ ಹೋದರೆ ನಾಲ್ಕು ಮಿಲಿಲೀಟರಿಗೂ ಜಾಸ್ತಿ. ನಾನು ಬಿಟ್ಟಿದ್ದ ಗಾಳಿಯ ಜಾಗ ಐದೂವರೆ. ಅಷ್ಟೂ ಗಾಳಿ ಒಂದೂವರೆ ಮಿಲಿಲೀಟರಿಗಿಂತ ಕಮ್ಮಿ ಜಾಗಕ್ಕೆ ಅದುಮಿದಂತೆ. ಬಿರಡೆ ಎದ್ದೇ ಏಳುತ್ತದೆ. ಎದ್ದ ಎರಡು ಯಾವುವು, ಏಳದ ಎರಡು ಯಾವುವು ಅನ್ನುವುದು ಡಿಕ್ಕಿಯಲ್ಲಿ ಯಾವುದು ಬಿಸಿಲಿನ ಕಡೆ ಇತ್ತು ಅನ್ನುವುದರ ಮೇಲೆ ಹೋಯಿತು.

ಗೋಲಿ ಸೋಡಾದಲ್ಲಿ ಒತ್ತಡ ಹೆಚ್ಚಾದಷ್ಟೂ ಗೋಲಿ ಬಿಗಿಯಾಗುತ್ತದೆ, ಯಾಕೆಂದರೆ ಅದು ವಾಷರ್‌ನ ಒಳಗಡೆ ಇದೆ. ಇಲ್ಲಿ ಬಿರಡೆ ಇರುವುದು ಹೊರಗಡೆ. ಒತ್ತಡ ಬಂದರೆ ಅದನ್ನು ಹಿಡಿಯುವವರಿಲ್ಲ. ಕಾರ್ಕ್ 45 ಮಿಲಿಮೀಟರ್ ಉದ್ದಕ್ಕೂ ಗೋಡೆಯನ್ನು ಕಚ್ಚಿ ಹಿಡಿದಿರುತ್ತದೆ. ಗಾಜಿನ ಬಿರಡೆಗೆ ಹಿಡಿತ ಎಂದರೆ ಆ ತೆಳು ಉಂಗುರದಷ್ಟೇ. ಅಂಗಡಿಯಿಂದ ತಂದ ಬಾಟಲಿಯಲ್ಲಿ ಗಾಜಿನ ಬಿರಡೆಯ ಮೇಲೆ ಅಲ್ಯೂಮಿನಿಯಂ ಟೋಪಿ ಇರುತ್ತದಲ್ಲ, ಅದನ್ನು ನಾನು ಅಂದಕ್ಕೆ, ಯಾರೂ ತೆಗೆದಿಲ್ಲವೆಂದು ತೋರಿಸಲಿಕ್ಕೆ ಅಂದುಕೊಂಡಿದ್ದೆ. ಬಿರಡೆಯನ್ನು ಕೆಳಕ್ಕೆ ಹಿಡಿದಿಡುವ ಕೆಲಸವೂ ಅದರದ್ದೇ.

ಸರಿಪಡಿಸಿದ್ದು ಹೀಗೆ. 0.9 ಮಿಲಿಮೀಟರಿನ ಸ್ಟೇನ್‌ಲೆಸ್ ತಂತಿ ತೆಗೆದುಕೊಂಡೆ. ಬಾಟಲಿಯ ಬಾಯಿಯ ಕೆಳಗೆ ಉಬ್ಬಿದ ಪಟ್ಟಿ ಇರುತ್ತದೆ. ಅದರ ಅಡಿಯಲ್ಲಿ ಒಂದು ಸುತ್ತು ಹಾಕಿ ಇಕ್ಕಳದಲ್ಲಿ ತಿರುಚಿದೆ. ಅದರಿಂದ ಎರಡು ಎಳೆಯನ್ನು ಬಿರಡೆಯ ತಲೆಯ ಮೇಲೆ ಕತ್ತರಿಯಾಕಾರದಲ್ಲಿ ದಾಟಿಸಿ ಎದುರು ಬದಿಗೆ ಬಿಗಿದೆ. ತಂತಿ ಗಾಜನ್ನು ಗೀಚಬಾರದು ಅಂತ ಮೇಲೆ ಒಂದು ತುಂಡು ಚರ್ಮ ಇಟ್ಟೆ. ನೀರು ತುಂಬಿದ ಬಾಟಲಿಯನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಕನ್ನಡಕ ಹಾಕಿಕೊಂಡು, 35 ಡಿಗ್ರಿಯ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ ನೋಡಿದೆ. ತಂತಿ ಇಲ್ಲದ್ದು ಎದ್ದಿತು. ತಂತಿ ಇದ್ದದ್ದು ಅಲುಗಲಿಲ್ಲ. ಆದರೆ 30 ಮಿಲಿಮೀಟರಿಗೆ ತುಂಬಿದ್ದರಲ್ಲಿ ಉಂಗುರದ ಪಕ್ಕದಿಂದ ಹನಿ ಜಿನುಗಿತು. 45 ಮಿಲಿಮೀಟರಿಗೆ ಇಳಿಸಿದ ಮೇಲೆ ಜಿನುಗಲಿಲ್ಲ. 45ಕ್ಕೆ ಇಳಿಸಿದರೆ ಗಾಳಿ ಜಾಸ್ತಿಯಾಗುತ್ತದಲ್ಲ, ಅದಕ್ಕೆ ತೆರೆದ ವೈನ್ ಕಾಪಾಡಲು ಮಾರುವ ಆರ್ಗಾನ್ ಸ್ಪ್ರೇ ತಂದೆ. ಬಿರಡೆ ಒತ್ತುವ ಮೊದಲು ಕತ್ತಿನೊಳಗೆ ಎರಡು ಸೆಕೆಂಡು ಬಿಡುವುದು. ಆರ್ಗಾನ್ ಗಾಳಿಗಿಂತ ಭಾರ, ವೈನಿನ ಮೇಲೆ ಕೂರುತ್ತದೆ.

ಇಲ್ಲೇ ಒಂದು ಮಾತು ಹೇಳಬೇಕು. ಇನ್ನೂ ಹುದುಗುತ್ತಿರುವ ಯಾವುದಕ್ಕೂ, ಕೊಂಬುಚಾ ಆಗಲಿ, ಶುಂಠಿ ಸೋಡಾ ಆಗಲಿ, ಗಾಜಿನ ಬಿರಡೆ ಹಾಕಿ ತಂತಿ ಕಟ್ಟಬೇಡಿ. ಮಾಮೂಲಿ ವೈನ್ ಬಾಟಲಿ ಆ ಒತ್ತಡಕ್ಕೆ ಮಾಡಿದ್ದಲ್ಲ. ಒಡೆದರೆ ಚೂರು ಮುಖಕ್ಕೆ ಬರುತ್ತದೆ.

ಆಗಸ್ಟ್: ಕೆಂಪು ದಾರದ ಬಾಟಲಿ

ನಾಲ್ಕು ತಿಂಗಳಾದ ಮೇಲೆ ಒಂದೊಂದು ಬಗೆಯಿಂದ ಒಂದೊಂದು ತೆಗೆದೆ. ಮೊದಲು ತೂಕ. ಯಾವುದೂ ಅಲುಗಾಡಿರಲಿಲ್ಲ. ಸಿಲಿಕೋನ್ ಉಂಗುರದ್ದೂ ಅಷ್ಟೇ, ಬರೆದಿಟ್ಟ ತೂಕವೇ ಇತ್ತು. ಒಳ್ಳೆಯದೇ ಆಯಿತು ಅಂದುಕೊಂಡು ಗ್ಲಾಸಿಗೆ ಬಗ್ಗಿಸಿದೆ.

ಬೇರೆ ನಾಲ್ಕು ಗ್ಲಾಸು ತಿಳಿ ಹಸಿರು ಹಳದಿ. ಕೆಂಪು ದಾರದ್ದು ಹಳೆ ಜೇನಿನ ಬಣ್ಣ. ಮೂಗಿಗೆ ಹಿಡಿದರೆ ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ. ಟೈಟ್ರೇಷನ್ ಮಾಡಿದೆ. ಮುಕ್ತ ಸಲ್ಫರ್ ಡೈಆಕ್ಸೈಡ್ ಬರೀ 6. ಮೂಲ ಉಂಗುರದ ಗಾಜಿನ ಬಾಟಲಿಯಲ್ಲಿ 28 ಇತ್ತು. ಇದೊಂದು ಬಾಟಲಿ ಹಾಗಾಗಿರಬಹುದು ಅಂತ ಇನ್ನೊಂದು ಕೆಂಪು ದಾರದ್ದನ್ನೂ ಆಗಲೇ ತೆಗೆದೆ. ಅದೇ ಬಣ್ಣ, ಅದೇ ವಾಸನೆ. ಓದಿದ್ದು 7.

ಒಂದು ಹನಿ ಸೋರಿಲ್ಲ, ತೂಕ ಕಮ್ಮಿಯಾಗಿಲ್ಲ, ಬೀಟ್ರೂಟ್ ಪರೀಕ್ಷೆ ಪಾಸಾಗಿದೆ, ಆದರೂ ಗಾಳಿ ಒಳಗೆ ಹೋಗಿದೆ. ಹೇಗೆ? ಎರಡು ಸಂಜೆ ರಬ್ಬರುಗಳ ಪಟ್ಟಿ ಓದುತ್ತಾ ಕೂತೆ. ಉತ್ತರ ಅಲ್ಲಿತ್ತು. ಸಿಲಿಕೋನ್ ರಬ್ಬರ್ ನೀರನ್ನು ಸೋರಗೊಡುವುದಿಲ್ಲ, ಆದರೆ ಆಮ್ಲಜನಕ ಅದರ ಮೈಯೊಳಗಿಂದಲೇ ದಾಟಿ ಹೋಗುತ್ತದೆ. ನಾವು ಬಳಸುವ ಮಾಮೂಲಿ ರಬ್ಬರುಗಳಲ್ಲಿ ಅತಿ ಹೆಚ್ಚು ಬಿಡುವುದು ಅದೇ. ಇಪಿಡಿಎಂ ರಬ್ಬರ್ ಅದರ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಬಿಡುತ್ತದೆ. ಸೈಕಲ್ ಟ್ಯೂಬಿಗೆ ಬಳಸುವ ಬ್ಯುಟೈಲ್ ಇನ್ನೂ ಎಷ್ಟೋ ಕಮ್ಮಿ. ಆಹಾರಕ್ಕೆ ಒಳ್ಳೆಯದು, ಶಾಖ ತಡೆಯುತ್ತದೆ, ವಾಸನೆ ಇಲ್ಲ ಅಂತ ನಾನು ಆರಿಸಿದ ರಬ್ಬರ್ ವೈನಿಗೆ ಮಾತ್ರ ಆಗದ ರಬ್ಬರ್ ಆಗಿತ್ತು.

ಮಾವನ ಅಂಗಡಿಯಲ್ಲಿ ಈ ತೊಂದರೆ ಕಾಣಿಸಿಕೊಳ್ಳಲು ಕಾರಣವೇ ಇರಲಿಲ್ಲ. ಅಲ್ಲಿ ಸೋಡಾ ಎರಡು ದಿನದಲ್ಲಿ ಖಾಲಿ. ವೈನಿನ ಬಿರಡೆಗೆ ಕಾಲವೂ ಒಂದು ಪರೀಕ್ಷೆ. ಬೀಟ್ರೂಟ್ ಪರೀಕ್ಷೆ ಬಾಯಿ ಸರಿಯಿದೆಯಾ ಅಂತ ಹೇಳುತ್ತದೆ. ಉಂಗುರದ ರಬ್ಬರ್ ಸರಿಯಿದೆಯಾ ಅಂತ ಹೇಳುವುದಿಲ್ಲ. ಸ್ವಿಂಗ್ ಟಾಪ್‌ಗೂ ಈಗ ಸಿಲಿಕೋನ್ ಉಂಗುರ ಮಾರುತ್ತಾರೆ. ಕೊಳ್ಳುವಾಗ ಕೇಳಿ ತೆಗೆದುಕೊಳ್ಳಿ.

ಎರಡು ಬಿರಡೆಗೂ ಆಹಾರಕ್ಕೆ ಆಗುವ ಕಪ್ಪು ಇಪಿಡಿಎಂ ಓ-ರಿಂಗ್ ಹಾಕಿದೆ. ಬ್ಯುಟೈಲ್ ಅಷ್ಟು ಸಣ್ಣ ಅಳತೆಯಲ್ಲಿ ಸಿಗಲಿಲ್ಲ. ಕಪ್ಪು ಗೆರೆ ಗಾಜಿನ ಅಂದವನ್ನು ಸ್ವಲ್ಪ ಕೆಡಿಸುತ್ತದೆ. ಇರಲಿ. ಕಂದಿದ ವೈನನ್ನು ಚೆಲ್ಲಲಿಲ್ಲ. ತಾಯಿ ವಿನೆಗರ್ (ವಿನೆಗರಿಗೆ ಹೆಪ್ಪಿನಂತೆ ಹಾಕುವುದು) ಸೇರಿಸಿ ಅಗಲ ಬಾಯಿಯ ಜಾಡಿಯಲ್ಲಿ ಬಟ್ಟೆ ಕಟ್ಟಿ ಇಟ್ಟೆ. ಒಳ್ಳೆ ವಿನೆಗರ್ ಆಗಿದೆ, ಉಪ್ಪಿನಕಾಯಿಗೆ ಬಳಸುತ್ತಿದ್ದೇವೆ.

ಫೆಬ್ರವರಿ: ಹತ್ತು ತಿಂಗಳು

ಈ ಸಲ ನಾಲ್ಕು ಬಾಟಲಿ. ಕ್ರೌನ್ ಮುಚ್ಚಳದ್ದರಲ್ಲಿ ಮುಕ್ತ ಸಲ್ಫರ್ ಡೈಆಕ್ಸೈಡ್ 27. ಕಾರ್ಕಿನದರಲ್ಲಿ 24. ಮೂಲ ಉಂಗುರದ ಗಾಜಿನದರಲ್ಲಿ 23. ಸ್ವಿಂಗ್ ಟಾಪ್ 17. ಕಾರ್ಕ್ ಮತ್ತು ಗಾಜಿನ ನಡುವಿನ ಒಂದು ಅಂಕದ ವ್ಯತ್ಯಾಸ ನನ್ನ ಕಿಟ್ಟಿಗೆ ಮೀರಿದ್ದು. ಎರಡೂ ಒಂದೇ ಅಂತ ಇಟ್ಟುಕೊಂಡಿದ್ದೇನೆ.

ಕ್ರೌನ್ ಮುಚ್ಚಳದ ವೈನ್ ತೆಗೆದ ಕೂಡಲೆ ಉರಿಸಿದ ಬೆಂಕಿಕಡ್ಡಿಯ ವಾಸನೆ ಬಂತು. ಗ್ಲಾಸನ್ನು ಸ್ವಲ್ಪ ಹೊತ್ತು ಆಡಿಸಿದ ಮೇಲೆ ಹೋಯಿತು. ಗಾಳಿ ತೀರಾ ಕಮ್ಮಿಯಾದರೆ ಹೀಗಾಗುವುದುಂಟು. ಆ ಆಸ್ಟ್ರೇಲಿಯಾದ ಪರೀಕ್ಷೆಯಲ್ಲೂ ಸ್ಕ್ರೂ ಮುಚ್ಚಳ ಸಲ್ಫರ್ ಡೈಆಕ್ಸೈಡನ್ನು ಎಲ್ಲಕ್ಕಿಂತ ಚೆನ್ನಾಗಿ ಉಳಿಸಿತ್ತು, ಜೊತೆಗೆ ಇಂಥದ್ದೇ ರಬ್ಬರಿನಂಥ ವಾಸನೆಯೂ ಕಂಡುಬಂದಿತ್ತು. ಪೂರ್ತಿ ಬಿಗಿಯಾಗಿ ಮುಚ್ಚುವುದೇ ಎಲ್ಲ ವೈನಿಗೂ ಒಳ್ಳೆಯದು ಅಂತ ಹೇಳಲಾಗುವುದಿಲ್ಲ.

ಕಾರ್ಕಿನ ಬಗ್ಗೆ ಎರಡು ಮಾತು. ಏಳರಲ್ಲಿ ಒಂದು ಕೆಟ್ಟಿತ್ತು. ಡಿಸೆಂಬರಿನಲ್ಲಿ ತೆಗೆದದ್ದು. ಮಳೆಗಾಲದಲ್ಲಿ ಮೂಲೆಯಲ್ಲಿ ಬಿದ್ದ ಒದ್ದೆ ಗೋಣಿಚೀಲದ ವಾಸನೆ. ಅದು ಟಿಸಿಎ ಎಂಬ ರಾಸಾಯನಿಕದ್ದು. ಕಾರ್ಕಿನಲ್ಲಿರುವ ಶಿಲೀಂಧ್ರ ಕ್ಲೋರಿನ್ ಇರುವ ಫಿನಾಲುಗಳನ್ನು ಬದಲಾಯಿಸಿ ಅದನ್ನು ಮಾಡುತ್ತದೆ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಕಾರ್ಕಿಗೆ ಬದಲು ಹುಡುಕಲು ದೊಡ್ಡ ಕಾರಣ ಇದೇ. ಆದರೆ ಅದಕ್ಕಾಗಿ ಕಾರ್ಕನ್ನೇ ದೂರಲು ನನಗೆ ಮನಸ್ಸಿಲ್ಲ. ಕಾರ್ಕ್ ಓಕ್ ಮರವನ್ನು ಕಡಿಯುವುದಿಲ್ಲ. ಮರಕ್ಕೆ 25 ವರ್ಷ ಆದಮೇಲೆ ಮೊದಲ ತೊಗಟೆ ಸುಲಿಯುತ್ತಾರೆ, ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ವೈನಿಗೆ ಆಗುವ ಒಳ್ಳೆ ತೊಗಟೆ ಬರುವುದು ಮೂರನೆಯ ಸುಲಿತದಿಂದ. ಅಂದರೆ ನೆಟ್ಟವರು ಮೊಮ್ಮಕ್ಕಳಿಗಾಗಿ ನೆಟ್ಟಂತೆ, ನಮ್ಮಲ್ಲಿ ಹುಣಸೆ ಹಾಕಿದ ಹಾಗೆ. ಪೋರ್ಚುಗಲ್‌ನಲ್ಲಿ ಆ ಮರಗಳ ಕಾಡೇ ಇದೆ, ಜಗತ್ತಿನ ಅರ್ಧದಷ್ಟು ಕಾರ್ಕ್ ಅಲ್ಲಿಂದಲೇ ಬರುತ್ತದೆ. ವರ್ಷಗಟ್ಟಲೆ ಇಡುವ ಕೆಂಪು ವೈನಿಗೆ ನಾನು ಈಗಲೂ ಕಾರ್ಕನ್ನೇ ಹಾಕುತ್ತೇನೆ.

ಗಾಜಿನ ಬಿರಡೆಯನ್ನು ಎಲ್ಲಿಗೆ ಹಾಕುತ್ತೇನೆ? ಒಂದೆರಡು ವರ್ಷದಲ್ಲಿ ಕುಡಿಯುವ ಬಿಳಿ ವೈನಿಗೆ. ಕಾರ್ಕ್‌ಸ್ಕ್ರೂ ಬೇಡ, ಹೆಬ್ಬೆರಳಿನಿಂದ ಒತ್ತಿದರೆ ಟಕ್ ಅಂತ ಬರುತ್ತದೆ, ಉಳಿದದ್ದಕ್ಕೆ ಅದನ್ನೇ ಮತ್ತೆ ಮುಚ್ಚಬಹುದು. ಬೆರಳಲ್ಲಿ ಬಲ ಕಮ್ಮಿಯಾಗಿರುವ ನನ್ನ ಅಮ್ಮ ಇಲ್ಲಿಗೆ ಬಂದಾಗ ಪುನರ್ಪುಳಿ ಸಿರಪ್ಪು, ಜೇನುತುಪ್ಪ ಎಲ್ಲವನ್ನೂ ಇದೇ ಬಾಟಲಿಗಳಲ್ಲಿ ಹಾಕಿಸಿಕೊಂಡರು. ಅವಕ್ಕೆ ಸಿಲಿಕೋನ್ ಉಂಗುರವೂ ಸಾಕು.

ಈ ಸಲದ ಅಕ್ಟೋಬರಿಗೆ ಇಪಿಡಿಎಂ ಉಂಗುರದ ಆ ಎರಡು ಬಿರಡೆ, ತಂತಿ, ಆರ್ಗಾನ್ ಡಬ್ಬಿ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಹಳೆ ವೈನಿನಲ್ಲಿ ಗಾಜಿನದು ಒಂದು, ಕಾರ್ಕಿನದು ಒಂದು ನೆಲಮಾಳಿಗೆಯಲ್ಲಿ ಉಳಿದಿವೆ. ಗಾಜಿನದನ್ನು ತೆಗೆಯದೆ, 30 ಮಿಲಿಮೀಟರಿನ ಮಟ್ಟದಲ್ಲೇ ಬಿಟ್ಟು, ಮೇಲೆ ತಂತಿ ಕಟ್ಟಿದ್ದೇನೆ. ಎರಡರ ಮೇಲೂ ತೂಕದ ಚೀಟಿ ಇದೆ. ಮುಂದಿನ ಏಪ್ರಿಲ್‌ಗೆ ಎರಡು ವರ್ಷ. ಆಗ ತೆಗೆಯುತ್ತೇನೆ.